ಹಳೆಯ ಇಂಗ್ಲಿಷ್ ಪದ್ಯಗಳನ್ನು ಮೊದಲು ಓದಬೇಕಾ, ಕೇಳಬೇಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಇಂಗ್ಲಿಷ್ ಪದ್ಯ ಓದಿದವರು ಇಲ್ಲಿ ತುಂಬಾ ಜನ ಇದ್ದೀರಿ. ಆ ಪದ್ಯಗಳನ್ನು ಯಾವತ್ತಾದರೂ ಕಿವಿಯಾರೆ ಕೇಳಿದ್ದೀರಾ? ಸಾರಾಂಶ ಹೇಳುವ ವಿಡಿಯೊಗಳ ಮಾತಲ್ಲ. ಪದ್ಯವನ್ನೇ ಮೊದಲಿಂದ ಕೊನೆತನಕ ಯಾರಾದರೂ ಚೆನ್ನಾಗಿ ಓದಿದ್ದನ್ನು ಕೇಳಿದ್ದೀರಾ ಅಂತ.

ನಾನು ಈಚೆಗೆ ಥಾಮಸ್ ಗ್ರೇಯ ಎಲಿಜಿಯನ್ನು, ಅಂದರೆ ಶೋಕಗೀತೆಯನ್ನು, ಕೇಳುತ್ತಿದ್ದೇನೆ. 1751ರಲ್ಲಿ ಅಚ್ಚಾದ ಪದ್ಯ. ಹಳ್ಳಿಯ ಚರ್ಚಿನ ಪಕ್ಕದ ಸಮಾಧಿಗಳ ನಡುವೆ ನಿಂತು, ಯಾರಿಗೂ ಗೊತ್ತಾಗದೆ ಬದುಕಿ ಸತ್ತ ಬಡವರನ್ನು ನೆನೆಯುವ ಪದ್ಯ. ಅದರ ಮೊದಲ ಸಾಲು: 'ದ ಕರ್ಫ್ಯೂ ಟೋಲ್ಸ್ ದ ನೆಲ್ ಆಫ್ ಪಾರ್ಟಿಂಗ್ ಡೇ.' ಕ್ಲಾಸಿನಲ್ಲಿ ನಾವು ಇದನ್ನು ಎಲ್ಲ ಕಡೆಯೂ ಒಂದೇ ತೂಕ ಕೊಟ್ಟು ಓದುತ್ತೇವೆ. ಕನ್ನಡದ ಅಭ್ಯಾಸ ಅದು. ಬಲ್ಲವರು ಓದಿದಾಗ ಸಾಲಿನ ಹತ್ತು ಸಿಲೆಬಲ್‌ಗಳಲ್ಲಿ ಐದು ಮಾತ್ರ ಎದ್ದು ನಿಲ್ಲುತ್ತವೆ. ಕರ್, ಟೋಲ್ಸ್, ನೆಲ್, ಪಾರ್ಟ್, ಡೇ. ಉಳಿದ ಐದು ಮೆಲ್ಲಗೆ ಜಾರಿಹೋಗುತ್ತವೆ. ಆ ಸಾಲಿನಲ್ಲಿರುವ ಸಂಜೆಯ ಗಂಟೆಯೇ ಐದು ಸಲ ಬಡಿಯುತ್ತದೆ.

ನಮ್ಮ ಷಟ್ಪದಿಗೆ ಪ್ರಸ್ತಾರ ಹಾಕಬಹುದು. ದೀರ್ಘ ಬಂದರೆ ಗುರು, ಒತ್ತಕ್ಷರದ ಹಿಂದಿನದು ಗುರು. ಎಲ್ಲ ಕಣ್ಣಿಗೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಎಲ್ಲಿ ಒತ್ತು ಬೀಳಬೇಕು ಅನ್ನುವುದನ್ನು ಸ್ಪೆಲಿಂಗ್ ಹೇಳುವುದೇ ಇಲ್ಲ. ಆ ಭಾಷೆಯನ್ನು ಮನೆಯಲ್ಲಿ ಕೇಳಿ ಬೆಳೆದವರಿಗೆ ಅದು ಗೊತ್ತಿರುತ್ತದೆ. ಪುಸ್ತಕದಿಂದ ಕಲಿತವರಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ನನ್ನ ವಾದ ಇಷ್ಟು. ನಾವು ಈ ಪದ್ಯಗಳನ್ನು ಮೊದಲು ಕೇಳಬೇಕು, ಆಮೇಲೆ ಓದಬೇಕು. ಒಪ್ಪುತ್ತೀರಾ?

ಹಾಸನದ ಮೇಷ್ಟ್ರು

ಪೂರ್ತಿ ಒಪ್ಪುತ್ತೇನೆ. ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಟೆನಿಸನ್ನನ 'ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್' ಪಾಠ ಬಂದಾಗ ಅರ್ಥ ಹೇಳುವುದಕ್ಕೆ ಮೊದಲೇ ಜೋರಾಗಿ ಓದುತ್ತಿದ್ದೆ. 'ಹಾಫ್ ಎ ಲೀಗ್, ಹಾಫ್ ಎ ಲೀಗ್, ಹಾಫ್ ಎ ಲೀಗ್ ಆನ್ವರ್ಡ್.' ಒಂದು ಗಟ್ಟಿ, ಎರಡು ಮೆತ್ತಗೆ. ಕುದುರೆ ಓಡುತ್ತಿದೆ ಅಂತ ಹುಡುಗರಿಗೆ ಹೇಳುವ ಅಗತ್ಯವೇ ಬರುತ್ತಿರಲಿಲ್ಲ.

ಈ ಪದ್ಯವನ್ನು ಟೆನಿಸನ್ ಸ್ವತಃ ಓದಿದ ಧ್ವನಿಮುದ್ರಣ ಇದೆ. ಪದ್ಯದಲ್ಲಿ ಬರುವುದು ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಕುದುರೆ ದಳ ಮಾಡಿದ ದಾಳಿ. ಬಾಲಕ್ಲಾವಾದಲ್ಲಿ ಅದು ನಡೆದಿದ್ದು 1854ರ ಅಕ್ಟೋಬರ್ 25ರಂದು. ಅದೇ ವರ್ಷ ಡಿಸೆಂಬರಿನಲ್ಲಿ ಪದ್ಯ ಪತ್ರಿಕೆಯಲ್ಲಿ ಬಂತು. ಧ್ವನಿ ಹಿಡಿದಿದ್ದು 1890ರಲ್ಲಿ, ಎಡಿಸನ್ನನ ಯಂತ್ರದಲ್ಲಿ, ಮೇಣದ ಸಿಲಿಂಡರಿನ ಮೇಲೆ. ಆಗ ಕವಿಗೆ 80 ದಾಟಿತ್ತು. ಆ ದಾಳಿಯಲ್ಲಿ ಬದುಕಿ ಉಳಿದ ಸೈನಿಕರು ಬಡತನದಲ್ಲಿ ಸಾಯುತ್ತಿದ್ದಾರೆ ಅಂತ ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆಯಾಗಿ, ಅವರಿಗಾಗಿ ಹಣ ಕೂಡಿಸುತ್ತಿದ್ದ ವರ್ಷ ಅದು. ಅವರಿಗೋಸ್ಕರವೇ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಅದೇ ವರ್ಷ ಜುಲೈನಲ್ಲಿ ಎಡಿಸನ್ ಯಂತ್ರದ ಮುಂದೆ ಮಾತಾಡಿದರು.

ಕೇಳಿ ನೋಡಿ. ಗರಗರ ಸದ್ದು ಜಾಸ್ತಿ, ಪದಗಳು ಅರ್ಧ ಮುಳುಗಿವೆ. ಆದರೆ ಲಯ ಮುಳುಗಿಲ್ಲ. ಮುದುಕ ಮಾತಾಡುವುದಿಲ್ಲ, ಹೆಚ್ಚುಕಡಿಮೆ ಹಾಡುತ್ತಾನೆ.

ನೀಲಿಸಂಜೆ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಹೊಸಬರಿಗೆ ಟೆನಿಸನ್ನನ ಸಿಲಿಂಡರ್ ಕೇಳಿ ಅಂದರೆ ಅರ್ಧ ನಿಮಿಷಕ್ಕೆ ಆಫ್ ಮಾಡುತ್ತಾರೆ. ಅದು ಇತಿಹಾಸ ಇಷ್ಟಪಡುವವರಿಗೆ ಸರಿ. ಪದ್ಯ ಕೇಳಬೇಕು ಅನ್ನುವವರಿಗೆ ಅಲ್ಲ.

ಇನ್ನೊಂದು ವಿಷಯ. ಬರೆದವರೇ ಚೆನ್ನಾಗಿ ಓದುತ್ತಾರೆ ಅಂತ ಯಾಕೆ ಅಂದುಕೊಳ್ಳಬೇಕು? ಎಲಿಯಟ್ ತನ್ನ 'ದ ವೇಸ್ಟ್ ಲ್ಯಾಂಡ್' ಓದಿದ್ದನ್ನು ಕೇಳಿದ್ದೇನೆ. ಆ ಪದ್ಯದಲ್ಲಿ ಹೆಂಡದಂಗಡಿಯ ಹೆಂಗಸರ ಮಾತಿದೆ, ಕಣಿ ಹೇಳುವವಳ ಮಾತಿದೆ, ಕೊನೆಗೆ ಗುಡುಗಿನ ಮಾತೂ ಇದೆ. ಅವನು ಬಹಳಷ್ಟನ್ನು ಒಂದೇ ಒಣ ದನಿಯಲ್ಲಿ ಓದಿಕೊಂಡು ಹೋಗುತ್ತಾನೆ. ಅದೇ ಪದ್ಯವನ್ನು ನಟ ಅಲೆಕ್ ಗಿನ್ನೆಸ್ ಓದಿದ್ದಾರೆ. ಅಲ್ಲಿ ಬೇರೆ ಬೇರೆ ಜನ ಮಾತಾಡುತ್ತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ. ಜಾನ್ ಡನ್ನನ ಪದ್ಯಗಳಿಗೆ ರಿಚರ್ಡ್ ಬರ್ಟನ್ ಬೇಕು. ಡನ್ ಪ್ರೀತಿಸುವಾಗಲೂ ವಾದ ಮಾಡುತ್ತಾನೆ, ಸಿಟ್ಟಾಗುತ್ತಾನೆ. 'ದ ಸನ್ ರೈಸಿಂಗ್' ಶುರುವಾಗುವುದೇ ಸೂರ್ಯನನ್ನು ಬೈಯುವುದರಿಂದ. ಬರ್ಟನ್ನನ ದನಿಯಲ್ಲಿ ಆ ಬೈಗುಳಕ್ಕೆ ನಿಜವಾಗಿ ಜೀವ ಬರುತ್ತದೆ.

ನನ್ನ ಮಾತು: ಶುರುವಿಗೆ ಒಳ್ಳೆಯ ನಟರನ್ನು ಕೇಳಿ.

ಹಾಸನದ ಮೇಷ್ಟ್ರು

ನೀಲಿಸಂಜೆ ಅವರೇ, ಡನ್ ಬಗ್ಗೆ ಸರಿಯಾಗಿ ಹೇಳಿದಿರಿ. ಆದರೆ ನಟರಿಂದ ಒಂದು ಅಪಾಯ ಇದೆ. ಅವರು ಪದ್ಯವನ್ನು ಸಂಭಾಷಣೆ ಮಾಡಿಬಿಡುತ್ತಾರೆ. ಸಾಲು ಎಲ್ಲಿ ಮುಗಿಯಿತು, ಪ್ರಾಸ ಎಲ್ಲಿ ಬಂತು ಒಂದೂ ತಿಳಿಯುವುದಿಲ್ಲ. ಭಾವ ಸಿಗುತ್ತದೆ, ಪದ್ಯ ಹೋಗುತ್ತದೆ.

ಐರಿಷ್ ಕವಿ ಯೇಟ್ಸ್ ಇದನ್ನೇ ನೇರವಾಗಿ ಹೇಳಿದ್ದಾನೆ. 1930ರ ದಶಕದಲ್ಲಿ ಬಿಬಿಸಿಗಾಗಿ 'ದ ಲೇಕ್ ಐಲ್ ಆಫ್ ಇನಿಸ್‌ಫ್ರೀ' ಓದುವ ಮೊದಲು ಒಂದು ಪ್ರಸಂಗ ಹೇಳುತ್ತಾನೆ. ಕವಿ ವಿಲಿಯಂ ಮಾರಿಸ್‌ನ ಕಾವ್ಯವನ್ನು ಯಾರೋ ಒಂದು ಸಭೆಯಲ್ಲಿ ಗದ್ಯದ ಹಾಗೆ ಓದಿದರಂತೆ. ಇದನ್ನು ಪದ್ಯಕ್ಕೆ ತರಲು ನಾನು ಪಟ್ಟ ಪಾಡು ನನಗೆ ಗೊತ್ತು ಅಂತ ಮಾರಿಸ್ ಕೋಪದಿಂದ ಎದ್ದು ಹೊರಗೆ ಬಂದನಂತೆ. ನಾನೂ ಅಷ್ಟೇ ಪಾಡು ಪಟ್ಟಿದ್ದೇನೆ, ಆದ್ದರಿಂದ ಗದ್ಯದ ಹಾಗೆ ಓದುವುದಿಲ್ಲ ಅಂತ ಹೇಳಿಯೇ ಯೇಟ್ಸ್ ಶುರು ಮಾಡುತ್ತಾನೆ. ಆಮೇಲೆ ಅವನು ಓದುವ ರೀತಿ ಕೇಳಬೇಕು. ಒಂದೊಂದು ಸ್ವರವನ್ನೂ ಎಳೆದು ಎಳೆದು, ಸಾಲಿನ ಕೊನೆಗೆ ನಿಂತು. ಗಮಕ ಕೇಳಿ ಬೆಳೆದ ನನಗೆ ಇದು ಪರಕೀಯ ಅನಿಸಲೇ ಇಲ್ಲ.

ಟೆನಿಸನ್ ಕಾಲದಲ್ಲಂತೂ ಕವಿ ಓದುವುದು, ಮನೆಗೆ ಬಂದವರು ಕೂತು ಕೇಳುವುದು ದೊಡ್ಡ ಸಂಗತಿ. 1855ರಲ್ಲಿ ಲಂಡನ್ನಿನಲ್ಲಿ ಬ್ರೌನಿಂಗ್ ದಂಪತಿಯ ಮುಂದೆ ಅವನು ತನ್ನ 'ಮಾಡ್' ಕಾವ್ಯವನ್ನು ಓದಿದ. ಅಲ್ಲಿದ್ದ ಕಲಾವಿದ ರೊಸೆಟ್ಟಿ ಅವನು ಓದುತ್ತಿರುವುದನ್ನೇ ಚಿತ್ರ ಬರೆದುಕೊಂಡ. ಆ ಚಿತ್ರ ಈಗಲೂ ಇದೆ.

ಗಮಕಪ್ರಿಯೆ

ಗಮಕದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಮ್ಮ ಊರು ಶಿವಮೊಗ್ಗ ಕಡೆ. ಮತ್ತೂರು, ಹೊಸಹಳ್ಳಿಯ ಗಮಕ ಕೇಳುತ್ತಲೇ ಬೆಳೆದವಳು.

ಎರಡನ್ನೂ ಹತ್ತಿರ ತರುವ ಆಸೆ ನನಗೂ ಇದೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಗಮಕಿಗೆ ರಾಗ ಇದೆ. ಯುದ್ಧ ಬಂದರೆ ಒಂದು ರಾಗ, ಶೋಕ ಬಂದರೆ ಇನ್ನೊಂದು. ವಾಚನ ಆದಮೇಲೆ ವ್ಯಾಖ್ಯಾನ ಮಾಡುವವರು ಅರ್ಥ ಬಿಡಿಸುತ್ತಾರೆ. ಕೇಳುವವರ ಕೈ ಹಿಡಿದು ನಡೆಸಲು ಎರಡೆರಡು ಜನ. ಇಂಗ್ಲಿಷ್ ಪದ್ಯ ಓದುವವರಿಗೆ ಇದ್ಯಾವುದೂ ಇಲ್ಲ. ಒಂದು ಬರಿಯ ದನಿ. ಹಾಗಾಗಿ ಅಲ್ಲಿ ವೇಗ, ನಿಲುಗಡೆ, ದನಿಯ ಏರಿಳಿತ ಇಷ್ಟರಲ್ಲೇ ಎಲ್ಲ ಆಗಬೇಕು.

ಇದರಿಂದ ನಾನು ಕಲಿತದ್ದು ಅಂದರೆ, ಮೊದಲ ಸಲ ಕೇಳುವಾಗ ಅರ್ಥದ ಹಿಂದೆ ಓಡಬಾರದು. ಕೀಟ್ಸ್‌ನ 'ಟು ಆಟಮ್' ಕೇಳಿ. 1819ರಲ್ಲಿ ಬರೆದದ್ದು, ಹನ್ನೊಂದು ಸಾಲಿನ ಮೂರು ಚರಣ. ಮೊದಲ ಸಾಲಿನಲ್ಲೇ 'ಸೀಸನ್ ಆಫ್ ಮಿಸ್ಟ್ಸ್ ಆಂಡ್ ಮೆಲೋ ಫ್ರೂಟ್‌ಫುಲ್‌ನೆಸ್' ಅಂತ ಸಕಾರ, ಮಕಾರ, ಲಕಾರ ತುಂಬಿವೆ. ತುಟಿ ಮುಚ್ಚಿ ತೆರೆದು ನಿಧಾನವಾಗಿಯೇ ಓದಬೇಕು, ಬೇರೆ ದಾರಿಯೇ ಇಲ್ಲ. ಮೊದಲ ಚರಣದಲ್ಲಿ ಹಣ್ಣು ತುಂಬುತ್ತದೆ, ಎರಡನೆಯದರಲ್ಲಿ ಶರತ್ಕಾಲವೇ ಮನುಷ್ಯರೂಪದಲ್ಲಿ ಕಣದಲ್ಲಿ ಕೂತಿರುತ್ತದೆ. ಮೂರನೆಯದು ಮಾತ್ರ ಪೂರ್ತಿ ಸದ್ದು. ನುಸಿಗಳ ಗುಂಯ್ಗುಡುವಿಕೆ, ಕುರಿಗಳ ಕೂಗು, ಬೇಲಿಯ ಮಿಡತೆ, ರಾಬಿನ್ ಹಕ್ಕಿಯ ಸಿಳ್ಳೆ, ಆಕಾಶದಲ್ಲಿ ಸ್ವಾಲೋ ಹಕ್ಕಿಗಳ ಚಿಲಿಪಿಲಿ. ವಸಂತದ ಹಾಡುಗಳೆಲ್ಲಿ ಅಂತ ಕೇಳಿ, ಅದನ್ನು ಯೋಚಿಸಬೇಡ, ನಿನಗೂ ನಿನ್ನ ಸಂಗೀತ ಇದೆ ಅಂತ ಕವಿ ಶರತ್ಕಾಲಕ್ಕೆ ಹೇಳುತ್ತಾನೆ. ಅದನ್ನು ಮೌನವಾಗಿ ಓದಿದರೆ ಮುಕ್ಕಾಲು ಪಾಲು ತಪ್ಪಿಹೋಗುತ್ತದೆ, ಅಲ್ವಾ?

ಹೊಸ ಓದುಗ

ಎಲ್ಲ ಓದಿ ಖುಷಿಯಾಯಿತು. ಎರಡು ಪ್ರಶ್ನೆ. ದುಡ್ಡು ಕೊಡದೆ ಎಲ್ಲಿ ಕೇಳಬಹುದು? ಮತ್ತೆ, ನಾನೂ ಜೋರಾಗಿ ಓದಬೇಕು ಅಂತ ಆಸೆ. ನನ್ನ ಉಚ್ಚಾರ ಅಪ್ಪಟ ಮಂಡ್ಯದ್ದು. ಪರವಾಗಿಲ್ಲವಾ?

ತುಂಗಾತೀರ

ಮೊದಲ ಪ್ರಶ್ನೆಗೆ ಉತ್ತರ. ಲಿಬ್ರಿವಾಕ್ಸ್ ಅಂತ ಇದೆ. 2005ರಲ್ಲಿ ಶುರುವಾಯಿತು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಲೋಕದ ಎಲ್ಲ ಕಡೆಯ ಸ್ವಯಂಸೇವಕರು ಓದಿ ಹಾಕುತ್ತಾರೆ. ಎಲ್ಲ ಉಚಿತ, ಡೌನ್‌ಲೋಡ್ ಮಾಡಿಕೊಳ್ಳಬಹುದು. ನನಗೆ ಅಲ್ಲಿ ತುಂಬಾ ಇಷ್ಟ ಆಗಿದ್ದು ಒಂದೇ ಸಣ್ಣ ಪದ್ಯವನ್ನು ಬೇರೆ ಬೇರೆ ಜನ ಓದುವ ಸರಣಿ. ಒಬ್ಬರು ಬೇಗ, ಒಬ್ಬರು ನಿಧಾನ, ಒಬ್ಬರು ಅಮೆರಿಕದವರು, ಒಬ್ಬರು ಸ್ಕಾಟ್ಲೆಂಡಿನವರು. ಒಂದಾದಮೇಲೆ ಒಂದು ಕೇಳಿದರೆ ಎಲ್ಲರಲ್ಲೂ ಬದಲಾಗದೆ ಉಳಿಯುವುದು ಯಾವುದು ಅಂತ ಗೊತ್ತಾಗುತ್ತದೆ. ಅದೇ ಪದ್ಯದ ಲಯ.

ಇನ್ನೊಂದು ಪೊಯೆಟ್ರಿ ಆರ್ಕೈವ್. ಅದೂ 2005ರದ್ದೇ. ಆಗ ಬ್ರಿಟನ್ನಿನ ಆಸ್ಥಾನಕವಿಯಾಗಿದ್ದ ಆಂಡ್ರ್ಯೂ ಮೋಷನ್ ಮತ್ತು ರಿಚರ್ಡ್ ಕ್ಯಾರಿಂಗ್ಟನ್ ಸೇರಿ ಶುರು ಮಾಡಿದ್ದು. ಅಲ್ಲಿ ಕವಿಗಳು ತಮ್ಮದೇ ಪದ್ಯ ಓದುತ್ತಾರೆ. ಮೇಷ್ಟ್ರು ಹೇಳಿದ ಟೆನಿಸನ್, ಯೇಟ್ಸ್ ಇಬ್ಬರೂ ಸಿಗುತ್ತಾರೆ.

ಹಿನ್ನೆಲೆಯಲ್ಲಿ ಪಿಯಾನೊ, ಪಿಟೀಲು ಹಾಕಿದ ವಿಡಿಯೊಗಳನ್ನು ದಯವಿಟ್ಟು ಬಿಡಿ. ಪದ್ಯದ ತಾಳ ಒಂದು, ಸಂಗೀತದ ತಾಳ ಇನ್ನೊಂದು. ಎರಡೂ ಕೆಡುತ್ತವೆ. ಎರಡನೆಯ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಹೇಳುವವರು ಇಲ್ಲಿದ್ದಾರೆ.

ಲೀಡ್ಸ್‌ನಿಂದ ಒಬ್ಬ

ನಾನು ಹೇಳುತ್ತೇನೆ. ಕೆಲಸದ ಮೇಲೆ ಬಂದು ಇಂಗ್ಲೆಂಡಿನ ಉತ್ತರ ಭಾಗದಲ್ಲೇ ನೆಲೆಸಿದ್ದೇನೆ. ಮಂಡ್ಯದವರೇ, ಧೈರ್ಯವಾಗಿ ಓದಿ. ವರ್ಡ್ಸ್‌ವರ್ತ್‌ನ ಮಾತಿನಲ್ಲಿ ಉತ್ತರದ ಸೀಮೆಯ ಗಡಸು ದನಿ ಎದ್ದು ಕಾಣುತ್ತಿತ್ತು ಅಂತ ಅವನನ್ನು ಕಂಡು ಮಾತಾಡಿದ ಪ್ರಬಂಧಕಾರ ಹ್ಯಾಜ್ಲಿಟ್ ಬರೆದಿದ್ದಾನೆ. ಟೆನಿಸನ್ ಲಿಂಕನ್‌ಷೈರಿನವನು. ಸ್ಕಾಟ್ಲೆಂಡಿನ ಬರ್ನ್ಸ್ ಹೆಚ್ಚಾಗಿ ಬರೆದಿದ್ದೇ ಸ್ಕಾಟ್ಸ್ ಮಾತಿನಲ್ಲಿ. ಬಿಬಿಸಿಯ ವಾರ್ತೆ ಓದುವವರ ಉಚ್ಚಾರದಲ್ಲೇ ಈ ಪದ್ಯಗಳು ಇರಬೇಕು ಅನ್ನುವುದು ಆಮೇಲೆ ಬಂದ ಯೋಚನೆ.

ಕೋಲ್‌ರಿಜ್, ವರ್ಡ್ಸ್‌ವರ್ತ್ ಇಬ್ಬರೂ ಪದ್ಯವನ್ನು ರಾಗವಾಗಿಯೇ ಹೇಳುತ್ತಿದ್ದರು ಅಂತಲೂ ಹ್ಯಾಜ್ಲಿಟ್ ಹೇಳುತ್ತಾನೆ. ಪದ್ಯ ಕಟ್ಟುವಾಗ ಇಬ್ಬರಿಗೂ ನಡೆಯಬೇಕಿತ್ತು. ಕೋಲ್‌ರಿಜ್‌ಗೆ ಏರುಪೇರಿನ ನೆಲ, ಪೊದೆಗಳ ನಡುವೆ ನುಗ್ಗುವುದು ಇಷ್ಟ. ವರ್ಡ್ಸ್‌ವರ್ತ್‌ಗೆ ಅಡ್ಡಿಯಿಲ್ಲದ ನೇರ ಹಾದಿಯಲ್ಲಿ ಹೋಗಿ ಬರುವುದು. ಇಬ್ಬರ ಸಾಲುಗಳನ್ನೂ ಕೇಳಿದಾಗ ಈ ಮಾತು ನೆನಪಾಗುತ್ತದೆ.

ಇನ್ನೊಂದು ಸಂಗತಿ. ಉಚ್ಚಾರವೇ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಶೇಕ್ಸ್‌ಪಿಯರ್‌ನ 116ನೇ ಸಾನೆಟ್ ಮುಗಿಯುವುದು 'ಪ್ರೂವ್ಡ್', 'ಲವ್ಡ್' ಅನ್ನುವ ಪ್ರಾಸದಿಂದ. ಈಗಿನವರ ಬಾಯಲ್ಲಿ ಅದು ಪ್ರಾಸವೇ ಅಲ್ಲ. ಅವನ ಕಾಲದಲ್ಲಿ ಕೂಡುತ್ತಿತ್ತು. ಭಾಷಾವಿಜ್ಞಾನಿ ಡೇವಿಡ್ ಕ್ರಿಸ್ಟಲ್ ಆ ಹಳೆಯ ಉಚ್ಚಾರವನ್ನು ಮತ್ತೆ ಕಟ್ಟಿಕೊಟ್ಟರು. 2004ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ 'ರೋಮಿಯೊ ಆಂಡ್ ಜೂಲಿಯೆಟ್' ನಾಟಕವನ್ನು ಆ ಉಚ್ಚಾರದಲ್ಲೇ ಆಡಿದರು. ಅದರಲ್ಲಿ ರಕಾರ ಚೆನ್ನಾಗಿ ಉರುಳುತ್ತದೆ. ಈಗಿನ ಲಂಡನ್ ಮಾತಿನಲ್ಲಿ ರಕಾರ ಅರ್ಧ ಮಾಯ. ನಮ್ಮವರು ರಕಾರ ಒತ್ತಿ ಹೇಳುವುದು ಆ ಮಟ್ಟಿಗೆ ಶೇಕ್ಸ್‌ಪಿಯರ್‌ಗೆ ಹತ್ತಿರ.

ನೀವು ಗಮನ ಕೊಡಬೇಕಾದ್ದು ತುಂಗಾತೀರ ಹೇಳಿದ ಒತ್ತಿಗೆ. ಒತ್ತು ಸರಿಯಾದ ಜಾಗದಲ್ಲಿ ಬಿದ್ದರೆ ಮಂಡ್ಯದ ದನಿಯಲ್ಲೂ ಪದ್ಯ ನಿಲ್ಲುತ್ತದೆ.

ಇಲ್ಲಿಂದ ಈಶಾನ್ಯಕ್ಕೆ ಹೋದರೆ ಕಡಲ ತೀರದಲ್ಲಿ ವಿಟ್ಬಿ ಇದೆ. ಇಂಗ್ಲಿಷಿನಲ್ಲಿ ಹೆಸರು ಗೊತ್ತಿರುವ ಮೊದಲ ಕವಿ ಕ್ಯಾಡ್ಮನ್ ಅಲ್ಲಿಯ ಮಠದಲ್ಲಿ ದನ ಕಾಯುತ್ತಿದ್ದವನು. ಏಳನೇ ಶತಮಾನ. ಅವನಿಗೆ ಓದು ಬರೆಹ ಬರುತ್ತಿರಲಿಲ್ಲ. ಕನಸಿನಲ್ಲಿ ಬಂದ ಹಾಡನ್ನು ಬಾಯಲ್ಲಿ ಹೇಳಿದ ಅಂತ ಇತಿಹಾಸಕಾರ ಬೀಡ್ ಬರೆದಿಟ್ಟಿದ್ದಾನೆ. 1952ರಲ್ಲಿ ನ್ಯೂಯಾರ್ಕಿನ ಇಬ್ಬರು ಯುವತಿಯರು, ಬಾರ್ಬರಾ ಕೊಹೆನ್ ಮತ್ತು ಮೇರಿಯಾನ್ ರೋನಿ, ಕವಿ ಡಿಲನ್ ಥಾಮಸ್‌ನ ದನಿಯನ್ನು ರೆಕಾರ್ಡ್ ಮಾಡಿ ತಂದ ಕಂಪನಿಗೆ ಇಟ್ಟಿದ್ದು ಈ ಕ್ಯಾಡ್ಮನ್ನನ ಹೆಸರನ್ನೇ.

ಕಿವಿಯೇ ಪುಸ್ತಕ

ನನಗೆ ಕಣ್ಣು ಕಾಣುವುದಿಲ್ಲ. ಹಾಗಾಗಿ ಓದಬೇಕಾ ಕೇಳಬೇಕಾ ಅನ್ನುವ ಪ್ರಶ್ನೆ ನನ್ನ ಮಟ್ಟಿಗೆ ಬೇರೆ ಥರ ಬರುತ್ತದೆ. ಬ್ರೈಲ್‌ನಲ್ಲಿ ಸಿಕ್ಕಿದ್ದು ಕಡಿಮೆ. ಕಂಪ್ಯೂಟರಿನ ಸ್ಕ್ರೀನ್ ರೀಡರ್‌ನಲ್ಲಿ ಪದ್ಯ ಕೇಳುತ್ತಿದ್ದೆ. ಪತ್ರ, ಸುದ್ದಿ ಓದಲು ಅದು ನನ್ನ ಬಲಗೈ. ಪದ್ಯಕ್ಕೆ ಮಾತ್ರ ಸಾಲದು. ಪದದ ಒತ್ತು ಅದಕ್ಕೆ ಗೊತ್ತು, ಸಾಲಿನ ಒತ್ತು ಗೊತ್ತಿಲ್ಲ. ಎರಡು ಒತ್ತು ಒಟ್ಟಿಗೆ ಬಂದಾಗ ಕವಿ ಬೇಕೆಂದೇ ತಡೆದಿದ್ದಾನೆ ಅನ್ನುವುದು ಅದಕ್ಕೆ ತಿಳಿಯುವುದಿಲ್ಲ.

ಮನುಷ್ಯರು ಓದಿದ ಮಿಲ್ಟನ್ ಕೇಳಿದ ಮೇಲೆ ನನಗೆ ಇಂಗ್ಲಿಷ್ ಕಾವ್ಯದ ಬಾಗಿಲು ತೆರೆಯಿತು. ಮಿಲ್ಟನ್ 1652ರ ಹೊತ್ತಿಗೆ ಪೂರ್ತಿ ಕಣ್ಣು ಕಳೆದುಕೊಂಡಿದ್ದ. 'ಪ್ಯಾರಡೈಸ್ ಲಾಸ್ಟ್' 1667ರಲ್ಲಿ ಬಂತು. ಹತ್ತು ಸಾವಿರಕ್ಕೂ ಹೆಚ್ಚು ಸಾಲು. ರಾತ್ರಿ ಮನಸ್ಸಿನಲ್ಲೇ ಕಟ್ಟುವುದು, ಬೆಳಿಗ್ಗೆ ಯಾರಾದರೂ ಬಂದಾಗ ಹೇಳಿ ಬರೆಸುವುದು. ಬರೆಯುವವರು ತಡವಾಗಿ ಬಂದರೆ, ನನ್ನ ಹಾಲು ಕರೆಯುವವರಿಲ್ಲ ಅನ್ನುವ ಅರ್ಥದಲ್ಲಿ ಗೊಣಗುತ್ತಿದ್ದ ಅಂತ ಅವನ ಕಾಲದವರೇ ಬರೆದಿದ್ದಾರೆ. ಬಾಯಿಂದ ಬಂದ ಕಾವ್ಯ ಅದು. ಕಾಗದಕ್ಕೆ ಹೋಗಿದ್ದು ಆಮೇಲೆ.

ಅದರ ಮೊದಲ ವಾಕ್ಯ ಹದಿನಾರು ಸಾಲು ಇದೆ. ಮನುಷ್ಯನ ಮೊದಲ ಅವಿಧೇಯತೆ, ಆ ನಿಷಿದ್ಧ ಮರದ ಹಣ್ಣು, ಅದರಿಂದ ಬಂದ ಸಾವು, ಕಳೆದುಹೋದ ಈಡನ್, ಎಲ್ಲ ಬಂದು ಹೋದಮೇಲೆ ಆರನೆಯ ಸಾಲಿನಲ್ಲಿ 'ಸಿಂಗ್' ಅನ್ನುವ ಕ್ರಿಯಾಪದ ಬರುತ್ತದೆ. ಇಂಗ್ಲಿಷ್ ಮಾತಾಡುವವರಿಗೆ ಇದು ಕಷ್ಟ ಅಂತಾರೆ. ನಮಗೆ ಏನೂ ಅನಿಸಬೇಕಾಗಿಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ತಾನೇ ಬರುವುದು? ಕಾಯುವುದು ನಮಗೆ ರೂಢಿ. ಒಳ್ಳೆಯ ಓದುಗ ಆ ಐದು ಸಾಲುಗಳಲ್ಲಿ ದನಿಯನ್ನು ಕೆಳಗೆ ಇಳಿಸುವುದೇ ಇಲ್ಲ. ಎತ್ತಿ ಹಿಡಿದುಕೊಂಡೇ ಬಂದು 'ಸಿಂಗ್' ಮೇಲೆ ಇಡುತ್ತಾನೆ. ಅದೊಂದನ್ನು ಕೇಳಿದರೆ ಸಾಕು, ಯಾರು ಕಾವ್ಯ ಗೊತ್ತಿದ್ದು ಓದುತ್ತಿದ್ದಾರೆ, ಯಾರು ಸುಮ್ನೆ ಸಾಲು ಓದುತ್ತಿದ್ದಾರೆ ಅಂತ ಹೇಳಿಬಿಡಬಹುದು.

ನೀಲಿಸಂಜೆ

ನಿಮ್ಮ ಬರಹ ಎರಡು ಸಲ ಓದಿದೆ. ಮಿಲ್ಟನ್ ಬಗ್ಗೆ ನಾನು ಇನ್ನು ವಾದ ಮಾಡುವುದಿಲ್ಲ.

ಆದರೂ ಪುಟದ ಪರವಾಗಿ ಒಂದು ಮಾತು ಇರಲಿ. ಜಾರ್ಜ್ ಹರ್ಬರ್ಟ್‌ನ 'ಈಸ್ಟರ್ ವಿಂಗ್ಸ್' 1633ರಲ್ಲಿ ಅಚ್ಚಾಯಿತು. ಮನುಷ್ಯ ಬಡವಾಗುತ್ತಾ ಹೋದಂತೆ ಸಾಲುಗಳೂ ಸಣ್ಣಗಾಗುತ್ತಾ ಎರಡೇ ಪದಕ್ಕೆ ಇಳಿಯುತ್ತವೆ. ಆಮೇಲೆ ಮತ್ತೆ ಅಗಲವಾಗುತ್ತವೆ. ಪುಟ ನೋಡಿದರೆ ರೆಕ್ಕೆಯ ಆಕಾರ. ಸಾಲು ಕಿರಿದಾಗುವುದು ಕಿವಿಗೂ ಸಿಗುತ್ತದೆ, ಆದರೆ ರೆಕ್ಕೆ ಕಾಣುವುದಿಲ್ಲ. ಕೇಳುವುದು ಮೊದಲು ಅನ್ನುವುದು ಸರಿ. ಕೇಳಿದರೆ ಸಾಕು ಅನ್ನುವುದು ಮಾತ್ರ ಸರಿಯಲ್ಲ.

ಹಾಸನದ ಮೇಷ್ಟ್ರು

ಒಪ್ಪಿದೆ. ಹಾಪ್ಕಿನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅವನ ಸಾಲುಗಳು ಪುಟದ ಮೇಲೆ ಗಂಟು ಗಂಟಾಗಿ ಕಾಣುತ್ತವೆ. ಒತ್ತುಗಳು ಒಂದರ ಪಕ್ಕ ಒಂದು ಬಂದು ಗುದ್ದುತ್ತವೆ. ಉಸಿರು ತೆಗೆದುಕೊಂಡು ಕಿವಿಯಿಂದ ಓದು, ಆಗ ಸರಿಹೋಗುತ್ತದೆ ಅಂತ ಅವನೇ ಗೆಳೆಯ ಬ್ರಿಜಸ್‌ಗೆ ಕಾಗದ ಬರೆದಿದ್ದ. ಒತ್ತು ಎಲ್ಲಿ ಅಂತ ಕೆಲವು ಕಡೆ ಗುರುತು ಕೂಡ ಹಾಕುತ್ತಿದ್ದ. 1889ರಲ್ಲಿ ತೀರಿಕೊಂಡ. ಪದ್ಯಗಳು ಪುಸ್ತಕವಾಗಿ ಬಂದಿದ್ದು 1918ರಲ್ಲಿ. ಗಿಡುಗದ ಮೇಲೆ ಅವನು ಬರೆದ 'ದ ವಿಂಡ್‌ಹೋವರ್' ಕೇಳುವಾಗ ಪುಟ ಮುಂದೆ ಇಟ್ಟುಕೊಳ್ಳಿ. ಬರೀ ಕೇಳಿದರೆ ಪದಗಳು ಸಿಗುವುದಿಲ್ಲ, ಬರೀ ನೋಡಿದರೆ ಗಿಡುಗ ಹಾರುವುದಿಲ್ಲ.

ಹೊಸ ಓದುಗ

ಲೀಡ್ಸ್ ಅಣ್ಣನಿಗೆ ಥ್ಯಾಂಕ್ಸ್. ನಿನ್ನೆ ಗ್ರೇಯ ಮೊದಲ ನಾಲ್ಕು ಸಾಲು ಜೋರಾಗಿ ಓದಿದೆ. ಮಗಳು ಬಂದು ಪಕ್ಕ ಕೂತಳು. ಅವಳಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬಾಯಿಪಾಠ. ಅದು ಬ್ರೌನಿಂಗ್‌ನ ಪದ್ಯದಿಂದ ಬಂದಿದ್ದಲ್ವಾ? ಅದನ್ನು ಅವಳಿಗೆ ಕೇಳಿಸಬಹುದಾ, ಅಥವಾ ಈಗಲೇ ಬೇಡವಾ?

ಹಾಸನದ ಮೇಷ್ಟ್ರು

ಖಂಡಿತ ಕೇಳಿಸಿ. ಮಕ್ಕಳಿಗೆ ಅಂತಲೇ ಬರೆದದ್ದು. 'ದ ಪೈಡ್ ಪೈಪರ್ ಆಫ್ ಹ್ಯಾಮೆಲಿನ್' 1842ರಲ್ಲಿ ಬಂತು. ನಟ ಮೆಕ್ರೆಡಿಯ ಮಗ ಕಾಯಿಲೆ ಬಿದ್ದು ಮಲಗಿದ್ದಾಗ, ಚಿತ್ರ ಬರೆದುಕೊಂಡು ಹೊತ್ತು ಕಳೆಯಲಿ ಅಂತ ಆ ಹುಡುಗನಿಗಾಗಿ ಬ್ರೌನಿಂಗ್ ಬರೆದುಕೊಟ್ಟಿದ್ದು. ಕಥೆ ಅವಳಿಗೆ ಗೊತ್ತಿರುವುದರಿಂದ ಅರ್ಥದ ಚಿಂತೆ ಇಲ್ಲ. ಮುನ್ನೂರರಷ್ಟು ಸಾಲು ಇದೆ, ಒಂದೇ ಸಲಕ್ಕೆ ಬೇಡ. ಇಲಿಗಳು ಬರುವ ಭಾಗ ಮೊದಲು ಹಾಕಿ. 'ಗ್ರೇಟ್ ರ‍್ಯಾಟ್ಸ್, ಸ್ಮಾಲ್ ರ‍್ಯಾಟ್ಸ್, ಲೀನ್ ರ‍್ಯಾಟ್ಸ್, ಬ್ರಾನಿ ರ‍್ಯಾಟ್ಸ್' ಅಂತ ಓಡುತ್ತದೆ. ಕಿಂದರಿಜೋಗಿಯ ಇಲಿಗಳನ್ನು ಬಲ್ಲವಳು ತಕ್ಷಣ ಗುರುತು ಹಿಡಿಯುತ್ತಾಳೆ.

ಬ್ರೌನಿಂಗ್‌ನ ದನಿಯೂ ಉಳಿದಿದೆ, ಗೊತ್ತಾ? 1889ರಲ್ಲಿ ಒಬ್ಬ ಕಲಾವಿದನ ಮನೆಯ ಊಟದ ಹೊತ್ತಿನಲ್ಲಿ ಎಡಿಸನ್ ಯಂತ್ರದ ಮುಂದೆ ಬೇರೊಂದು ಪದ್ಯ ಶುರು ಮಾಡಿದ. ಅದೂ ಕುದುರೆ ಓಟದ ಪದ್ಯವೇ. ನಾಲ್ಕಾರು ಸಾಲಿಗೆ ಮರೆತುಹೋಯಿತು. ನನ್ನ ಪದ್ಯವೇ ನನಗೆ ನೆನಪಿಲ್ಲ, ಕ್ಷಮಿಸಿ ಅಂದ. ಆದರೆ ಈ ಯಂತ್ರ ಕೊಟ್ಟ ಬೆರಗನ್ನು ಬದುಕಿರುವವರೆಗೆ ಮರೆಯುವುದಿಲ್ಲ ಅಂದ. ಅದೇ ವರ್ಷ ಡಿಸೆಂಬರಿನಲ್ಲಿ ವೆನಿಸ್‌ನಲ್ಲಿ ತೀರಿಕೊಂಡ. ಮುಂದಿನ ವರ್ಷ ಗೆಳೆಯರು ಸೇರಿ ಆ ಸಿಲಿಂಡರನ್ನು ಹಾಕಿ ಕೇಳಿದರು. ಸತ್ತವರ ದನಿಯನ್ನು ಹೀಗೆ ಕೂತು ಕೇಳುವುದು ಆಗ ಲೋಕಕ್ಕೇ ಹೊಸದು. ಇದನ್ನೂ ಮಗಳಿಗೆ ಕೇಳಿಸಿ. ಪುಟ್ಟ ತುಣುಕು ಅಷ್ಟೇ.

ಹೊಸ ಓದುಗ

ಸರಿ ಸರ್. ಇವತ್ತು ರಾತ್ರಿ ಇಲಿಗಳ ಭಾಗ ಹಾಕುತ್ತೇನೆ. ಲಿಬ್ರಿವಾಕ್ಸ್‌ನಲ್ಲಿ ಪೈಡ್ ಪೈಪರ್ ಓದಿದವರು ಒಬ್ಬರಿಗಿಂತ ಜಾಸ್ತಿ ಇರಬಹುದು. ಮಕ್ಕಳಿಗೆ ಹೊಂದುವಂತೆ, ಅವಸರ ಮಾಡದೆ, ಪ್ರಾಸ ನುಂಗದೆ ಓದಿದವರು ಯಾರು ಅಂತ ಕೇಳಿದವರು ತಿಳಿಸಿ. ಇಲ್ಲವಾದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕೇಳಿ ನಾಳೆ ನಾನೇ ಇಲ್ಲಿ ಬರೆಯುತ್ತೇನೆ.